ಪಾದಕ್ಕೆ ಪೆಟ್ಟಾದಾಗ ಟ್ರಯಥ್ಲಾನ್ ತಯಾರಿ: ಸೈಕಲ್, ಈಜು, ನೀರಿನ ಓಟ – ಯಾವುದನ್ನು ಆರಿಸಬೇಕು?

ಗೋವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನ್ ಮೊದಲ ಸಲ ನಡೆದದ್ದು 2019ರ ಅಕ್ಟೋಬರ್‌ನಲ್ಲಿ. ಅಲ್ಲಿಂದೀಚೆಗೆ ಬೆಂಗಳೂರಿನ ಟ್ರಯಥ್ಲಾನ್ ಗುಂಪುಗಳಲ್ಲಿ ವರ್ಷದ ಲೆಕ್ಕಾಚಾರವೆಲ್ಲ ಆ ಸ್ಪರ್ಧೆಯ ಸುತ್ತಲೇ ನಡೆಯುತ್ತದೆ. 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಸ್ಪರ್ಧೆ ಮಳೆಗಾಲ ಮುಗಿಯುವ ಹೊತ್ತಿಗೆ ಬರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲರೂ ಓಟದ ದೂರ ಹೆಚ್ಚಿಸುತ್ತಾರೆ. ಪಾದದ ನೋವು ಕಾಣಿಸಿಕೊಳ್ಳುವುದೂ ಆ ತಿಂಗಳುಗಳಲ್ಲೇ ಜಾಸ್ತಿ.

ಆಗ ಬರುವ ಮೊದಲ ಪ್ರಶ್ನೆ ಒಂದೇ: "ಓಡೋಕಾಗಲ್ಲ, ಹಾಗಾದ್ರೆ ಏನು ಮಾಡಲಿ?" ಗುಂಪಿನಲ್ಲಿ ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಈಜು ಅಂತ ಒಬ್ಬರು, ಟ್ರೈನರ್ (ಸೈಕಲನ್ನು ಮನೆಯೊಳಗೇ ನಿಲ್ಲಿಸಿ ತುಳಿಯುವ ಸ್ಟ್ಯಾಂಡ್) ಮೇಲೆ ಸೈಕಲ್ ಅಂತ ಇನ್ನೊಬ್ಬರು, ನಿಂತುಕೊಂಡೇ ಕಾಲಾಡಿಸುವ ಜಿಮ್ ಯಂತ್ರ ಎಲಿಪ್ಟಿಕಲ್ ಅಂತ ಮತ್ತೊಬ್ಬರು. ಅವರವರ ಗಾಯಕ್ಕೆ ಅದು ಸರಿಯಾಗಿತ್ತು, ಅಷ್ಟೇ. ನಿಮ್ಮ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಪಾದದ ಯಾವ ಜಾಗಕ್ಕೆ ಪೆಟ್ಟಾಗಿದೆ ಅನ್ನುವುದು. ಯಾವ ವ್ಯಾಯಾಮದಲ್ಲಿ ಬೆವರು ಜಾಸ್ತಿ ಬರುತ್ತದೆ ಅನ್ನುವುದು ಆಮೇಲಿನ ಮಾತು.

ಮೊದಲು ಗಾಯ ಯಾವುದು ಅಂತ ತಿಳಿಯಿರಿ

"ಪಾದ ನೋವು" ಅನ್ನುವ ಒಂದೇ ಮಾತಿನ ಕೆಳಗೆ ಬೇರೆ ಬೇರೆ ಗಾಯಗಳಿವೆ. ಓಟಗಾರರಲ್ಲಿ ಹೆಚ್ಚು ಕಾಣುವುದು ಬೆರಳುಗಳ ಹಿಂದಿನ ಉದ್ದ ಮೂಳೆಗಳಲ್ಲಿ, ಅದರಲ್ಲೂ ಎರಡನೆಯ ಮತ್ತು ಮೂರನೆಯ ಮೂಳೆಯಲ್ಲಿ, ಬೀಳುವ ಸಣ್ಣ ಬಿರುಕು. ಇದನ್ನೇ ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುತ್ತಾರೆ. ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಕೂಡಿಕೊಳ್ಳುತ್ತದೆ.

ಎರಡು ಜಾಗದ ಬಿರುಕುಗಳ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಒಂದು, ಪಾದದ ಮೇಲ್ಭಾಗದಲ್ಲಿ ಒಳಮಗ್ಗುಲಿಗಿರುವ ನ್ಯಾವಿಕ್ಯುಲರ್ ಮೂಳೆ. ಇನ್ನೊಂದು, ಕಿರುಬೆರಳಿನ ಮೂಳೆಯ ಬುಡ. ಈ ಜಾಗಗಳಿಗೆ ರಕ್ತದ ಹರಿವು ಕಡಿಮೆ, ಹಾಗಾಗಿ ಬೇಗ ಕೂಡುವುದಿಲ್ಲ. ನ್ಯಾವಿಕ್ಯುಲರ್ ಬಿರುಕಿಗೆ 6 ವಾರ ಕಾಲಿನ ಮೇಲೆ ಭಾರವನ್ನೇ ಹಾಕಬೇಡಿ ಎಂದು ಹೇಳುವುದು ಸಾಮಾನ್ಯ. ಕಿರುಬೆರಳಿನ ಬುಡದ ಮೂಳೆಗೆ ಕೆಲವೊಮ್ಮೆ ಸ್ಕ್ರೂ ಹಾಕಿಸಬೇಕಾಗುತ್ತದೆ.

ಇವಲ್ಲದೆ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯಲ್ಲಿ ಚುಚ್ಚುವ ಪ್ಲಾಂಟರ್ ಫೇಶಿಯೈಟಿಸ್ ಇದೆ. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಟೆಂಡನ್‌ನ ನೋವು ಇದೆ. ಗುಂಡಿ ಬಿದ್ದ ರಸ್ತೆಯಲ್ಲಿ ಹರಡು ಉಳುಕುವುದಂತೂ ನಮ್ಮೂರಿನಲ್ಲಿ ಇದ್ದದ್ದೇ.

ಒಂದು ಬೆರಳಿನಿಂದ ಒತ್ತಿ "ಇಲ್ಲೇ, ಇದೇ ಜಾಗ" ಅಂತ ತೋರಿಸುವಂಥ ಮೂಳೆ ನೋವಿದ್ದರೆ ಓಟ ನಿಲ್ಲಿಸಿ, ಮೂಳೆ ಡಾಕ್ಟರ್ ಹತ್ತಿರ ಹೋಗಿ. ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಇನ್ನೂ ಬೇಗ ಹೋಗಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂತ ಮಾರನೇ ದಿನವೇ ಓಡಲು ಹೊರಡಬೇಡಿ. ಸ್ಟ್ರೆಸ್ ಫ್ರ್ಯಾಕ್ಚರ್ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಮಾಮೂಲು. ಎಂಆರ್‌ಐಯಲ್ಲಿ ಬೇಗ ಕಾಣುತ್ತದೆ. ಕೆಳಗೆ ಹೇಳುವುದೆಲ್ಲ ಡಾಕ್ಟರ್ ಗಾಯವನ್ನು ಗುರುತಿಸಿ, "ಇಷ್ಟು ಮಾಡಬಹುದು" ಅಂದ ಮೇಲಿನ ಮಾತು.

ಆರು ವಾರ ಓಡದಿದ್ದರೆ ಎಲ್ಲ ಹೋಯಿತೇ?

ಇಲ್ಲ. ಪೂರ್ತಿ ಸುಮ್ಮನೆ ಕೂತರೆ ಸುಮಾರು ಎರಡು ವಾರದಲ್ಲಿ ದಮ್ಮು ಇಳಿಯುವುದು ಗೊತ್ತಾಗುತ್ತದೆ. ಮೊದಲು ರಕ್ತದ ದ್ರವದ ಪ್ರಮಾಣ ಕಡಿಮೆಯಾಗುತ್ತದೆ, ಅದರಿಂದ ಅದೇ ಕೆಲಸಕ್ಕೆ ಎದೆಬಡಿತ ಏರುತ್ತದೆ. ಆದರೆ ವಾರಕ್ಕೆ ಎರಡು ಮೂರು ಸಲ ಗಟ್ಟಿಯಾಗಿ ಬೆವರಿಳಿಸಿದರೆ ಹೃದಯ ಮತ್ತು ಶ್ವಾಸಕೋಶದ ಶಕ್ತಿಯನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳಬಹುದು. ಗಂಟೆಗಳನ್ನು ಕಡಿಮೆ ಮಾಡಿದರೆ ನಷ್ಟ ಸ್ವಲ್ಪ. ತೀವ್ರತೆಯನ್ನು ಇಳಿಸಿದರೆ ನಷ್ಟ ಜಾಸ್ತಿ. ಗಾಯವಾದಾಗ ತುಂಬಾ ಜನ ಮಾಡುವುದು ಇದರ ತಿರುಗುಮುರುಗು. ದಿನಾ ಒಂದೂವರೆ ಗಂಟೆ ನಿಧಾನವಾಗಿ ಸೈಕಲ್ ತುಳಿಯುತ್ತಾರೆ, ಉಸಿರು ಏರುವ ಕೆಲಸವನ್ನೇ ಮಾಡುವುದಿಲ್ಲ.

ಯಾವ ಬದಲಿ ವ್ಯಾಯಾಮವೂ ಉಳಿಸಿಕೊಡದ ಸಂಗತಿ ಒಂದಿದೆ. ಹೆಜ್ಜೆ ನೆಲಕ್ಕೆ ಬಡಿದಾಗ ಬರುವ ಪೆಟ್ಟನ್ನು ತಡೆಯಲು ಮೂಳೆ, ಟೆಂಡನ್, ಮೀನಖಂಡಗಳಿಗಿರುವ ಅಭ್ಯಾಸ. ಅದನ್ನು ಓಟದಿಂದಲೇ, ನಿಧಾನವಾಗಿ, ಮತ್ತೆ ಕಟ್ಟಬೇಕು. ಟ್ರೈನರ್ ಮೇಲೆ ದಮ್ಮು ಚೆನ್ನಾಗಿ ಉಳಿದಿದೆ ಅಂತ ವಾಪಸ್ ಬಂದ ದಿನವೇ 10 ಕಿ.ಮೀ. ಓಡಿದರೆ ಮತ್ತೆ ಗಾಯವಾಗುವುದು ಈ ಕಾರಣಕ್ಕೆ.

ಮನೆಯೊಳಗಿನ ಸೈಕಲ್

ಟ್ರಯಥ್ಲಾನ್ ಮಾಡುವವರಿಗೆ ಇದು ಎಲ್ಲಕ್ಕಿಂತ ಸುಲಭದ ದಾರಿ. ಸೈಕಲ್ ಇದ್ದೇ ಇದೆ, ಟ್ರೈನರ್ ಕೂಡ ಹಲವರ ಮನೆಯಲ್ಲಿ ಇರುತ್ತದೆ. 70.3ರಲ್ಲಿ ಹೆಚ್ಚಿನವರಿಗೆ ಅತಿ ಹೆಚ್ಚು ಸಮಯ ಹಿಡಿಯುವುದೂ ಸೈಕಲ್ಲೇ. ಆರು ವಾರ ಅದರ ಮೇಲೆ ಗಮನ ಕೊಟ್ಟರೆ ಸ್ಪರ್ಧೆಯ ದಿನ ಖಂಡಿತ ಪ್ರಯೋಜನ ಕಾಣುತ್ತದೆ.

ಆದರೆ ಸೈಕಲ್ ಪಾದಕ್ಕೆ ಪೂರ್ತಿ ಹಗುರ ಅನ್ನುವುದು ಸರಿಯಲ್ಲ. ಕ್ಲೀಟ್ (ಶೂವನ್ನು ಪೆಡಲ್‌ಗೆ ಸಿಕ್ಕಿಸುವ ಕೊಂಡಿ) ಇರುವ ಶೂ ಹಾಕಿ ತುಳಿದಾಗ ಒತ್ತಡ ಬೀಳುವುದು ಬೆರಳುಗಳ ಬುಡಕ್ಕೆ. ಎರಡನೆಯ, ಮೂರನೆಯ ಮೂಳೆಯ ಬಿರುಕು ಇರುವುದೂ ಅದರ ಹತ್ತಿರವೇ. ಇನ್ನು ಶೂ ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಗೆ ತಿರುಚಬೇಕು. ಹರಡು ಉಳುಕಿದವರಿಗೂ ಪಾದದ ನಡುವಿನ ಮೂಳೆಗೆ ಪೆಟ್ಟಾದವರಿಗೂ ಆ ತಿರುಚುವಿಕೆಯೇ ಕೆಟ್ಟದ್ದು.

ಇದಕ್ಕೆ ಒಂದು ಸರಳ ಉಪಾಯ ಇದೆ. ಕ್ಲೀಟ್ ಪೆಡಲ್ ಬಿಚ್ಚಿ ಸಾದಾ ಚಪ್ಪಟೆ ಪೆಡಲ್ ಹಾಕಿ. ಗಟ್ಟಿ ಅಟ್ಟೆಯ ಶೂ ಧರಿಸಿ, ಪೆಡಲ್ ಪಾದದ ನಡುವಿಗೆ ಬರುವಂತೆ ಇಟ್ಟು ತುಳಿಯಿರಿ. ಮುಂಗಾಲಿನ ಮೇಲಿನ ಒತ್ತಡವೂ ಕಡಿಮೆ, ಮೀನಖಂಡದ ಮತ್ತು ಅಕಿಲಿಸ್‌ನ ಕೆಲಸವೂ ಕಡಿಮೆ. ಪಾದ ಮುಂದಕ್ಕೆ ಹೋಗುವುದರಿಂದ ಸೀಟನ್ನು ಸ್ವಲ್ಪ ಇಳಿಸಬೇಕಾಗಬಹುದು. ಎದ್ದು ನಿಂತು ತುಳಿಯಬೇಡಿ. ಭಾರದ ಗೇರ್ ಬೇಡ, ನಿಮಿಷಕ್ಕೆ 85–95 ಸುತ್ತಿನ ಲಯ ಸಾಕು.

ರಸ್ತೆಗೆ ಹೋಗುವುದನ್ನು ಮುಂದೂಡಿ. ಭಾನುವಾರದ ನಂದಿ ಬೆಟ್ಟದ ಗುಂಪು ಎಷ್ಟೇ ಕರೆದರೂ ಬೇಡ. ಸಿಗ್ನಲ್‌ನಲ್ಲಿ ಥಟ್ಟನೆ ಕಾಲೂರಬೇಕಾದಾಗ ನೋವಿರುವ ಕಾಲನ್ನೇ ಊರಿಬಿಡುತ್ತೇವೆ. ಜಿಮ್‌ನ ಸ್ಪಿನ್ ಬೈಕ್ ಆದರೆ ಇನ್ನೊಂದು ಎಚ್ಚರಿಕೆ. ಅವುಗಳಲ್ಲಿ ಹಲವು ನಾವು ತುಳಿಯುವುದನ್ನು ನಿಲ್ಲಿಸಿದರೂ ಚಕ್ರದ ಜೊತೆ ಪೆಡಲ್ ತಿರುಗುತ್ತಲೇ ಇರುತ್ತವೆ. ಕಾಲು ಜಾರಿದರೆ ಪೆಡಲ್ ಬಡಿಯುತ್ತದೆ. ವೇಗ ಇಳಿಸಿಯೇ ಕಾಲು ತೆಗೆಯಿರಿ.

ಆಳದ ನೀರಿನಲ್ಲಿ ಓಟ

ನನ್ನ ಮಟ್ಟಿಗೆ ಇದರಷ್ಟು ಉಪಯುಕ್ತವಾದದ್ದೂ ಇಲ್ಲ, ಇದರಷ್ಟು ಜನ ಕಡೆಗಣಿಸುವುದೂ ಇಲ್ಲ. ಕಾಲು ತಳಕ್ಕೆ ತಾಗದಷ್ಟು ಆಳದ ನೀರಿನಲ್ಲಿ, ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಓಡುವ ರೀತಿಯಲ್ಲೇ ಕೈಕಾಲು ಆಡಿಸುವುದು. ಪಾದಕ್ಕೆ ಪೆಟ್ಟು ಸೊನ್ನೆ. ಸೊಂಟ, ತೊಡೆ, ಕೈಗಳ ಚಲನೆ ಮಾತ್ರ ಓಟದ್ದೇ. ಸೈಕಲ್ಲಿಗೂ ಈಜಿಗೂ ಈ ಗುಣ ಇಲ್ಲ.

ಬ್ರಿಟನ್ನಿನ ಟ್ರಯಥ್ಲಾನ್ ಸ್ಪರ್ಧಿ ಅಲಿಸ್ಟರ್ ಬ್ರೌನ್ಲಿ 2012ರ ಆರಂಭದಲ್ಲಿ ಅಕಿಲಿಸ್ ಟೆಂಡನ್‌ಗೆ ಗಾಯ ಮಾಡಿಕೊಂಡಿದ್ದರು. ಲಂಡನ್ ಒಲಿಂಪಿಕ್ಸ್‌ಗೆ ಉಳಿದಿದ್ದದ್ದು ಆರು ತಿಂಗಳ ಆಸುಪಾಸು. ಚೇತರಿಕೆಯ ಆ ದಿನಗಳಲ್ಲಿ ಅವರ ಓಟ ನಡೆದದ್ದು ನೀರಿನಲ್ಲಿ. ಆಗಸ್ಟ್ 7ರಂದು ಹೈಡ್ ಪಾರ್ಕ್‌ನಲ್ಲಿ ಕೊನೆಯ 10 ಕಿ.ಮೀ.ಗಳನ್ನು 29 ನಿಮಿಷ 7 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಅವರ ಹಿಂದೆ ಡಾಕ್ಟರ್, ಫಿಸಿಯೋ, ಕೋಚ್‌ಗಳ ದೊಡ್ಡ ತಂಡವಿತ್ತು, ನಿಜ. ಆದರೆ ನೀರಿನಲ್ಲಿ ಓಡಿದವರು ನೆಲದ ಮೇಲಿನ ವೇಗವನ್ನು ಉಳಿಸಿಕೊಳ್ಳಬಲ್ಲರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಾಡುವ ವಿಧಾನ ಸರಿಯಿರಬೇಕು. ಮೈ ನೆಟ್ಟಗಿರಲಿ, ಎದೆ ಒಂಚೂರು ಮುಂದೆ ಬಾಗಿರಲಿ. ಮಂಡಿಯನ್ನು ಮೇಲೆತ್ತಿ, ಆಮೇಲೆ ಕಾಲನ್ನು ಕೆಳಗೂ ಹಿಂದಕ್ಕೂ ತಳ್ಳಿ. ಸೈಕಲ್ ತುಳಿದಂತೆ ಸುಮ್ನೆ ಸುತ್ತಿಸಿದರೆ ಪ್ರಯೋಜನ ಕಡಿಮೆ. ಕೈಗಳನ್ನು ಸಡಿಲ ಮುಷ್ಟಿ ಮಾಡಿ ಓಟದಂತೆಯೇ ಬೀಸಿ, ಅಂಗೈಯಿಂದ ನೀರು ಬಾಚಬೇಡಿ. ಮುಂದೆ ಸಾಗುವ ವೇಗ ತುಂಬಾ ಕಡಿಮೆ ಇರುತ್ತದೆ. ಪಕ್ಕದ ಲೇನಿನಲ್ಲಿ ಮಕ್ಕಳು ದಾಟಿ ಹೋಗುತ್ತಾರೆ, ಅದರ ಕಡೆ ಗಮನ ಬೇಡ.

ನೀರಿನಲ್ಲಿ ಎದೆಬಡಿತ ನೆಲದ ಓಟಕ್ಕಿಂತ ನಿಮಿಷಕ್ಕೆ ಸುಮಾರು 10 ಕಡಿಮೆ ತೋರಿಸುತ್ತದೆ. ನೀರಿನ ಒತ್ತಡಕ್ಕೆ ರಕ್ತ ಹೃದಯಕ್ಕೆ ಸುಲಭವಾಗಿ ಮರಳುತ್ತದೆ, ಮೈಯೂ ತಂಪಾಗಿರುತ್ತದೆ. ಹಾಗಾಗಿ ವಾಚ್ ನೋಡುವುದನ್ನು ಬಿಟ್ಟು ಉಸಿರಿನ ಮೇಲೆ ಗಮನ ಇಡಿ. ನಿಧಾನವಾಗಿ ಒಂದೇ ಸಮನೆ ಮಾಡಿದರೆ ಬೇಗ ಬೇಜಾರಾಗುತ್ತದೆ, ದಮ್ಮಿಗೂ ಸಾಲದು. ಸಣ್ಣ ಸಣ್ಣ ತುಣುಕು ಮಾಡಿಕೊಳ್ಳಿ. 10 ನಿಮಿಷ ಹಗುರ, ಆಮೇಲೆ 1 ನಿಮಿಷ ಜೋರು 30 ಸೆಕೆಂಡ್ ಹಗುರದಂತೆ ಹತ್ತು ಸಲ, ಕೊನೆಗೆ 5 ನಿಮಿಷ ಹಗುರ. ಎರಡು ವಾರದ ನಂತರ 3 ನಿಮಿಷ ಜೋರು 1 ನಿಮಿಷ ಹಗುರದಂತೆ ಆರು ಸಲ. ಜೋರು ಅಂದರೆ ನಾಲ್ಕು ಮಾತು ಒಟ್ಟಿಗೆ ಆಡಲಾಗದಷ್ಟು.

ಕಷ್ಟ ಇರುವುದು ಕೊಳ ಹುಡುಕುವುದರಲ್ಲಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ಕೊಳಗಳು ಹೆಚ್ಚಾಗಿ ನಾಲ್ಕು ನಾಲ್ಕೂವರೆ ಅಡಿ ಆಳದವು. ಅಲ್ಲಿ ಕಾಲು ತಳಕ್ಕೆ ತಾಗುತ್ತದೆ, ಹಾಗಾಗಿ ಮೊದಲ ವಾರಗಳಿಗೆ ಅವು ಬೇಡ. ಒಂದು ತುದಿ ಆಳವಾಗಿರುವ ದೊಡ್ಡ ಕೊಳ ಬೇಕು. ಅಲ್ಲೂ ಬ್ಯಾಚಿನ ಸಮಯ, ಲೇನಿನ ನಿಯಮ ಇರುತ್ತವೆ. ಮೊದಲೇ ಕೋಚ್ ಹತ್ತಿರ ಮಾತಾಡಿ, ಜನ ಕಡಿಮೆ ಇರುವ ಹೊತ್ತು ಕೇಳಿಕೊಳ್ಳಿ. ಗಾಯವಾಗಿದೆ ಅಂತ ವಿವರಿಸಿದರೆ ಹೆಚ್ಚಿನವರು ಒಂದು ಮೂಲೆ ಕೊಡುತ್ತಾರೆ.

ನಾಲ್ಕಡಿ ಕೊಳಕ್ಕೂ ಆಮೇಲೆ ಕಾಲ ಬರುತ್ತದೆ. ಎದೆಮಟ್ಟದ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವುದು ಮೈಭಾರದ ಮೂರನೇ ಒಂದು ಭಾಗದಷ್ಟು, ಸೊಂಟಮಟ್ಟದಲ್ಲಿ ಅರ್ಧದಷ್ಟು. ಮೂಳೆ ಕೂಡಿದ ಮೇಲೆ ನಡಿಗೆಯಿಂದ ಓಟಕ್ಕೆ ದಾಟುವ ದಿನಗಳಲ್ಲಿ ಅದೇ ಅಪಾರ್ಟ್‌ಮೆಂಟ್ ಕೊಳದಲ್ಲಿ ಮೊದಲು ಎದೆಮಟ್ಟ, ಆಮೇಲೆ ಸೊಂಟಮಟ್ಟ ಅಂತ ಭಾರ ಹೆಚ್ಚಿಸಿಕೊಳ್ಳಬಹುದು. ಗಾಳಿಯ ಒತ್ತಡದಿಂದ ಮೈಭಾರ ಇಳಿಸುವ ಆಂಟಿ-ಗ್ರಾವಿಟಿ ಟ್ರೆಡ್‌ಮಿಲ್ ಮಾಡುವುದೂ ಇದನ್ನೇ. ಅದು ದೊಡ್ಡ ಊರುಗಳ ಕೆಲವೇ ಕಡೆ ಸಿಗುತ್ತದೆ, ಖರ್ಚೂ ಹೆಚ್ಚು. ಕೊಳ ಇದ್ದರೆ ಅದಿಲ್ಲ ಅಂತ ಕೊರಗುವುದು ಬೇಡ.

ಈಜು

ಪಾದಕ್ಕೆ ಪೆಟ್ಟಾದವರಿಗೆಲ್ಲ ಸಿಗುವ ಮೊದಲ ಸಲಹೆ ಇದು. ತಪ್ಪಲ್ಲ. ದೊಡ್ಡವರಾದ ಮೇಲೆ ಈಜು ಕಲಿತ ನಮ್ಮಂಥವರಿಗೆ ಶೈಲಿ ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಆದರೆ ಓಟದ ದಮ್ಮನ್ನು ಈಜು ಒಂದೇ ಉಳಿಸಿಕೊಡುವುದಿಲ್ಲ. ಕೆಲಸವೆಲ್ಲ ಭುಜ ಮತ್ತು ಬೆನ್ನಿನದು.

ಕಾಲುಗಳ ನಡುವೆ ಪುಲ್ ಬೋಯ್ ಅನ್ನುವ ತೇಲುವ ತುಂಡು ಇಟ್ಟುಕೊಂಡು ಕೈಯಿಂದಷ್ಟೇ ಈಜಿ. ಫ್ರೀಸ್ಟೈಲ್ ಒದೆತದಲ್ಲಿ ಪಾದ ಚಾಚಿಕೊಂಡಿರುತ್ತದೆ, ನೀರು ಪಾದದ ಮೇಲ್ಭಾಗವನ್ನು ಒತ್ತುತ್ತದೆ. ಅದು ನೋವು ಕೊಡಬಹುದು. ಬ್ರೆಸ್ಟ್‌ಸ್ಟ್ರೋಕ್ ಒದೆತ ಬೇಡವೇ ಬೇಡ, ಅದರಲ್ಲಿ ಹರಡು ಹೊರಕ್ಕೆ ತಿರುಚುತ್ತದೆ. ಪಾದಕ್ಕೆ ಹಾಕುವ ರೆಕ್ಕೆಯಂಥ ಫಿನ್ಸ್ ಕೂಡ ಬೇಡ. ಗೋಡೆಯನ್ನು ಎರಡೂ ಕಾಲಿನಿಂದ ಒದೆಯುವುದು ಪಾದಕ್ಕೆ ಜಿಗಿತದಂಥ ಪೆಟ್ಟು. ನೀರಿನಲ್ಲೇ ಪಲ್ಟಿ ಹೊಡೆದು ತಿರುಗುವ ಫ್ಲಿಪ್ ಟರ್ನ್ ಬಿಟ್ಟು ಕೈಯಿಂದ ಗೋಡೆ ಹಿಡಿದು ತಿರುಗಿ, ಒಳ್ಳೆಯ ಕಾಲಿನಿಂದಷ್ಟೇ ತಳ್ಳಿ. 25 ಮೀಟರ್ ಕೊಳದಲ್ಲಿ 2 ಕಿ.ಮೀ. ಈಜಿದರೆ 79 ಸಲ ಗೋಡೆ ತಿರುಗಬೇಕು, ಅಲ್ವಾ? 50 ಮೀಟರ್ ಕೊಳ ಸಿಕ್ಕರೆ ಅದು 39ಕ್ಕೆ ಇಳಿಯುತ್ತದೆ.

ಪುಲ್ ಬೋಯ್ ಜಾಸ್ತಿಯಾದರೆ ಭುಜ ನೋಯುತ್ತದೆ. ಒಮ್ಮೆಗೇ ದೂರವನ್ನು ದುಪ್ಪಟ್ಟು ಮಾಡಬೇಡಿ, ಅಂಗೈಗೆ ಕಟ್ಟುವ ಪ್ಯಾಡಲ್ ದೂರ ಇಡಿ. ಇನ್ನೂ ಮುಖ್ಯವಾದದ್ದು ಕೊಳದ ಹೊರಗಿನ ಒದ್ದೆ ಟೈಲ್ಸ್. ಊರುಗೋಲು ಹಿಡಿದು, ಬರಿಗಾಲಿನಲ್ಲಿ ಕುಂಟುತ್ತಾ ಅಲ್ಲಿ ನಡೆಯುವುದು ಈಜಿಗಿಂತ ಅಪಾಯ. ನೀರಿನ ಅಂಚಿನವರೆಗೂ ಜಾರದ ಚಪ್ಪಲಿ ಅಥವಾ ಡಾಕ್ಟರ್ ಕೊಟ್ಟ ಬೂಟ್ ಹಾಕಿಕೊಳ್ಳಿ, ಜೊತೆಗೊಬ್ಬರಿರಲಿ. ಪ್ಲಾಸ್ಟರ್ ಇದ್ದರೆ, ಹೊಲಿಗೆ ಒಣಗಿಲ್ಲದಿದ್ದರೆ ನೀರಿನ ಮಾತೇ ಇಲ್ಲ.

ಜಿಮ್ ಯಂತ್ರಗಳು

ಎಲಿಪ್ಟಿಕಲ್‌ನಲ್ಲಿ ಬಡಿತ ಇಲ್ಲ, ಆದರೆ ಮೈಭಾರ ಪೂರ್ತಿ ಪಾದದ ಮೇಲೇ ಇರುತ್ತದೆ. ನೋವಿಲ್ಲದೆ ನಡೆಯಲು ಬಂದ ಮೇಲೆ ಅದನ್ನು ಹತ್ತಿ. ರೋಯಿಂಗ್ ಯಂತ್ರದಲ್ಲಿ ತಳ್ಳುವುದು ಮುಂಗಾಲಿನಿಂದ, ಮುಂದೆ ಬಾಗಿದಾಗ ಹರಡು ಪೂರ್ತಿ ಮಡಚುತ್ತದೆ. ಅಕಿಲಿಸ್ ನೋವಿನವರು ಮುಟ್ಟಬೇಡಿ. ಮೆಟ್ಟಿಲು ಹತ್ತುವ ಯಂತ್ರ ಯಾರಿಗೂ ಬೇಡ.

ತೂಕ ಎತ್ತುವುದನ್ನು ಮಾತ್ರ ಬಿಡಬೇಡಿ. ಕೂತು, ಮಲಗಿ ಮಾಡುವ ವ್ಯಾಯಾಮಗಳೇ ಬೇಕಾದಷ್ಟಿವೆ. ಸೊಂಟ, ಪೃಷ್ಠ, ಹೊಟ್ಟೆಯ ಸ್ನಾಯುಗಳಿಗೆ ವಾರಕ್ಕೆ ಎರಡು ಸಲ ಕೊಡಿ. ಒಳ್ಳೆಯ ಕಾಲಿಗೆ ಒಂಟಿಕಾಲಿನ ವ್ಯಾಯಾಮ ಮಾಡಿಸಿದರೆ ಪೆಟ್ಟಾದ ಕಾಲಿನ ಶಕ್ತಿ ಕುಸಿಯುವುದೂ ಸ್ವಲ್ಪ ತಗ್ಗುತ್ತದೆ. ನರವ್ಯೂಹ ಎರಡೂ ಕಡೆಗೆ ಕೆಲಸ ಮಾಡುವುದರಿಂದ ಹೀಗಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಬೆರಳುಗಳ ಹಿಂದಿನ ಮೂಳೆ ಬಿರುಕಾಗಿದ್ದರೆ ಆಳದ ನೀರಿನ ಓಟಕ್ಕೇ ನನ್ನ ಮೊದಲ ಮತ. ಸೈಕಲ್ ಅನ್ನು ಎರಡು ಮೂರು ವಾರ ತಡೆದು, ಚಪ್ಪಟೆ ಪೆಡಲ್‌ನಲ್ಲಿ ಶುರು ಮಾಡಿ. ಪ್ಲಾಂಟರ್ ಫೇಶಿಯೈಟಿಸ್‌ಗೆ ಸೈಕಲ್ ಮೊದಲು, ನೀರಿನ ಓಟ ಜೊತೆಗೆ. ಇವರು ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವುದನ್ನೂ ನಿಲ್ಲಿಸಬೇಕು, ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಬೇಕು. ಅಕಿಲಿಸ್ ನೋವಿಗೆ ಸೈಕಲ್ ಒಳ್ಳೆಯದು, ಪೆಡಲ್ ಪಾದದ ನಡುವಿಗಿರಲಿ. ಹರಡು ಉಳುಕಿದ್ದರೆ ಮೊದಲ ವಾರ ಪುಲ್ ಬೋಯ್ ಈಜು, ಊತ ಇಳಿದ ಮೇಲೆ ಕ್ಲೀಟ್ ಇಲ್ಲದ ಸೈಕಲ್.

ನ್ಯಾವಿಕ್ಯುಲರ್ ಅಥವಾ ಕಿರುಬೆರಳಿನ ಬುಡದ ಬಿರುಕು ಅಂದರೆ ಡಾಕ್ಟರ್ ಅನುಮತಿ ಕೊಡುವವರೆಗೂ ಮೇಲೆ ಹೇಳಿದ, ಕೂತು ಮಲಗಿ ಮಾಡುವ ತೂಕದ ವ್ಯಾಯಾಮ, ಅನುಮತಿ ಸಿಕ್ಕ ಮೇಲೆ ಪುಲ್ ಬೋಯ್ ಈಜು. ಅಷ್ಟೇ. ಈ ಎರಡರಲ್ಲಿ ಅವಸರ ಮಾಡಿದರೆ ಹೋಗುವುದು ಒಂದು ಸ್ಪರ್ಧೆ ಅಲ್ಲ, ಇಡೀ ವರ್ಷ.

ಹೆಚ್ಚಿನವರಿಗೆ ಒಗ್ಗುವ ವಾರ ಹೀಗಿರಬಹುದು: ನೀರಿನ ಓಟ ಎರಡು ಸಲ, ಎರಡೂ ಜೋರಿನ ತುಣುಕುಗಳೊಂದಿಗೆ. ಸೈಕಲ್ ಎರಡು ಸಲ, ಒಂದು 4 ನಿಮಿಷದ ಐದು ಜೋರು ತುಣುಕುಗಳದ್ದು, ಇನ್ನೊಂದು ಉದ್ದದ್ದು. ಈಜು ಎರಡು ಸಲ, ಶೈಲಿಗಾಗಿ. ಒಂದು ದಿನ ಪೂರ್ತಿ ವಿಶ್ರಾಂತಿ. ಓಟದ ಜಾಗವನ್ನೆಲ್ಲ ತುಂಬಿಸಲೇಬೇಕು ಅಂತ ದಿನಕ್ಕೆರಡು ಸಲ ದಣಿಯಬೇಡಿ. ಮೂಳೆ ಕೂಡಲು ಮೈಗೆ ಬಿಡುವೂ ಬೇಕು, ಊಟವೂ ಬೇಕು.

ಓಡುತ್ತಿಲ್ಲ, ತೂಕ ಏರುತ್ತದೆ ಅಂತ ಹೆದರಿ ಊಟ ಕಡಿಮೆ ಮಾಡುವವರು ಬಹಳ. ಮೂಳೆ ಬಿರುಕಿಗೆ ಸಾಲದ ಊಟವೇ ಒಂದು ಕಾರಣವಾಗಿರುತ್ತದೆ. ಮಹಿಳೆಯರಲ್ಲಿ ಮುಟ್ಟು ತಪ್ಪಿದ್ದರೆ ಅದನ್ನು ಡಾಕ್ಟರ್‌ಗೆ ಹೇಳಲೇಬೇಕು. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಧ್ಯಾಹ್ನ ಮುದ್ದೆ, ಜೊತೆಗೆ ಬೇಳೆ ಅಥವಾ ಮೊಟ್ಟೆ, ಮೊಸರು ಇದ್ದರೆ ಚೆನ್ನ. ನೋವಿನ ಮಾತ್ರೆ ನುಂಗಿ ವ್ಯಾಯಾಮಕ್ಕೆ ಇಳಿಯಬೇಡಿ, ಪಾದ ಕೊಡುವ ಎಚ್ಚರಿಕೆ ಕೇಳಿಸದೇ ಹೋಗುತ್ತದೆ.

ಓಟಕ್ಕೆ ಮರಳುವಾಗ, ಸ್ಪರ್ಧೆ ನಿರ್ಧರಿಸುವಾಗ

ಅರ್ಧ ಗಂಟೆ ಚುರುಕಾಗಿ ನಡೆದು, ಆಗಲೂ ಮಾರನೇ ಬೆಳಿಗ್ಗೆಯೂ ನೋವಿಲ್ಲದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಪೆಟ್ಟಾದ ಒಂದೇ ಕಾಲಿನ ಮೇಲೆ ಹಿಮ್ಮಡಿ ಎತ್ತಲು ಬರಬೇಕು, ಅದೇ ಕಾಲಿನಲ್ಲಿ ಕುಪ್ಪಳಿಸಿದರೆ ನೋಯಬಾರದು. ಆಮೇಲೆ 1 ನಿಮಿಷ ಓಟ, 4 ನಿಮಿಷ ನಡಿಗೆಯಿಂದ ಶುರು ಮಾಡಿ, ದಿನ ಬಿಟ್ಟು ದಿನ. ಕಬ್ಬನ್ ಪಾರ್ಕಿನ ಮಣ್ಣಿನ ದಾರಿಯಂಥ ಸಮತಟ್ಟಾದ ನೆಲ ಇರಲಿ. ಓಟ ಹೆಚ್ಚಾದಂತೆ ನೀರಿನ ಓಟ ಇಳಿಸುತ್ತಾ ಬನ್ನಿ, ಒಮ್ಮೆಗೇ ಬಿಡಬೇಡಿ.

ಸ್ಪರ್ಧೆಗೆ ನಾಲ್ಕು ವಾರ ಇರುವಾಗ ನಿಲ್ಲದೆ ಒಂದು ಗಂಟೆ ಓಡಲು ಬರುತ್ತಿದ್ದರೆ ಗೋವಾಕ್ಕೆ ಹೋಗಿ, ವೇಗದ ಆಸೆ ಬಿಟ್ಟು ಓಡಿ. ಇನ್ನೂ ಓಟ–ನಡಿಗೆಯಲ್ಲೇ ಇದ್ದರೆ 21 ಕಿ.ಮೀ. ಡಾಂಬರು, ಅದೂ ಗೋವಾದ ಸೆಕೆಯಲ್ಲಿ, ಆ ಪಾದಕ್ಕೆ ಬೇಡ. ಅಂಥವರು ರಿಲೇ ವಿಭಾಗಕ್ಕೆ ಬದಲಾಯಿಸಲು ಆಗುತ್ತದೆಯೇ ಅಂತ ಆಯೋಜಕರನ್ನು ಬೇಗ ಕೇಳಿ. ಈಜು, ಸೈಕಲ್ ನೀವು ಮಾಡಿ, ಓಟಕ್ಕೆ ಗುಂಪಿನ ಗೆಳೆಯರೊಬ್ಬರನ್ನು ಈಗಲೇ ಒಪ್ಪಿಸಿಟ್ಟುಕೊಳ್ಳಿ. ಅವರಿಗೂ ತಯಾರಿಗೆ ನಾಲ್ಕು ವಾರವಾದರೂ ಬೇಕಲ್ಲ.